ಸಂಖ್ಯೆಯ ಕೊರಳಿಗೆ ಅಂಕಿಯ ಹಾರ

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಭೀಮನಬೀಡು ಎಂಬುದೊಂದು ಊರು. ಬೀಡು ಎಂದರೆ ತಂಗುವ ಜಾಗ, ದಂಡು ಇಳಿದ ಪಾಳೆಯ. ಊರಿಗೆ ಆ ಹೆಸರು ಯಾವ ಭೀಮನಿಂದ ಬಂತೆಂಬ ವಿಚಾರವನ್ನು ಸ್ಥಳನಾಮಗಳ ಪಂಡಿತರಿಗೆ ಬಿಡೋಣ. ಆದರೆ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಮಹಾಭಾರತದ ಭೀಮನ ಕಡೆಗೆ ಓಡುವುದನ್ನು ಯಾರೂ ತಡೆಯಲಾರರು. ಭೀಮ ಬಂದ ಮೇಲೆ ಅವನ ಹಿಂದೆ ದಂಡೂ ಬರಬೇಕಷ್ಟೆ. ಪಾಂಡವರ ದಂಡು ಏಳು ಅಕ್ಷೌಹಿಣಿ. ಅಷ್ಟೂ ದಂಡು ಒಂದು ಸಂಜೆ ಅಲ್ಲಿ ಬಂದು ಇಳಿಯಿತೆಂದು ಇಟ್ಟುಕೊಳ್ಳಿ. ಎಷ್ಟು ಜನಕ್ಕೆ ಅಡುಗೆಯಾಗಬೇಕು? ಎಷ್ಟು ಕುದುರೆಗೆ ಹುರುಳಿ ಬೇಯಬೇಕು? ಎಷ್ಟು ಆನೆಗೆ ಸೊಪ್ಪು ಕಡಿದು ತರಬೇಕು?

ದೊಡ್ಡ ಸಂಖ್ಯೆಗಳ ಗುಣಸ್ವಭಾವಗಳನ್ನು ಕುರಿತು ಈ ಹೊತ್ತು ಕೆಲವು ಮಾತು ಹೇಳಬೇಕೆಂದಿದ್ದೇನೆ. ಅದರಲ್ಲಿಯೂ ಮುಖ್ಯವಾಗಿ ಒಂದೇ ಒಂದು ಸಂಖ್ಯೆ. ಕನ್ನಡ ನಾಡಿನ ಅರಸನೊಬ್ಬನ ಕಾಲದಲ್ಲಿ, ಈಗ್ಗೆ ಸಾವಿರದ ನೂರು ವರ್ಷಗಳಿಗೂ ಹಿಂದೆ, ಪಂಡಿತರೊಬ್ಬರು ಗ್ರಂಥದಲ್ಲಿ ಪೋಣಿಸಿಟ್ಟ ಸಂಖ್ಯೆ. ಅದರ ಬಳಿಗೆ ಹೋಗುವುದಕ್ಕೆ ಭೀಮನ ದಂಡಿನ ದಾರಿ ಸುಲಭವಾದುದು. ಕೇಳುವವರು ಪಕ್ಕದಲ್ಲಿ ಒಂದು ಹಾಳೆ ಕಾಗದವನ್ನೂ ಒಂದು ಸೀಸದ ಕಡ್ಡಿಯನ್ನೂ ಇಟ್ಟುಕೊಂಡರೆ ಒಳ್ಳೆಯದು. ಮನೆಯಲ್ಲಿ ಮಕ್ಕಳಿದ್ದರೆ ಕಡ್ಡಿ ಅವರ ಕೈಗೇ ಇರಲಿ.

ಅಕ್ಷೌಹಿಣಿ ಎಂದರೇನು? ಆದಿಪರ್ವದಲ್ಲಿ ಅದರ ಲೆಕ್ಕ ಕ್ರಮವಾಗಿ ಇದೆ. ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಮಂದಿ ಕಾಲಾಳು—ಇವು ಸೇರಿದರೆ ಒಂದು ಪತ್ತಿ. ಮೂರು ಪತ್ತಿಗೆ ಒಂದು ಸೇನಾಮುಖ. ಮೂರು ಸೇನಾಮುಖಕ್ಕೆ ಒಂದು ಗುಲ್ಮ. ಮೂರು ಗುಲ್ಮಕ್ಕೆ ಒಂದು ಗಣ. ಹೀಗೆಯೇ ಮೂರು ಮೂರರಂತೆ ಏರುತ್ತ ವಾಹಿನಿ, ಪೃತನೆ, ಚಮೂ, ಅನೀಕಿನಿ. ರಥಗಳನ್ನು ಮಾತ್ರ ಎಣಿಸುತ್ತ ಹೋಗಿ: ೧, ೩, ೯, ೨೭, ೮೧, ೨೪೩, ೭೨೯, ೨,೧೮೭. ಕೊನೆಗೆ ಹತ್ತು ಅನೀಕಿನಿಗೆ ಒಂದು ಅಕ್ಷೌಹಿಣಿ. ಅಲ್ಲಿಗೆ ರಥ ೨೧,೮೭೦. ಆನೆಯೂ ಅಷ್ಟೇ. ಕುದುರೆ ೬೫,೬೧೦, ಕಾಲಾಳು ೧,೦೯,೩೫೦. ಎಲ್ಲ ಕೂಡಿ ೨,೧೮,೭೦೦.

ಏಳು ಅಕ್ಷೌಹಿಣಿಯಲ್ಲಿ ಆನೆಗಳೇ ೧,೫೩,೦೯೦ ಆದುವು. ಬಂಡೀಪುರದ ಕಾಡಿನ ಮಗ್ಗುಲಲ್ಲಿರುವ ಆ ಸೀಮೆಯವರಿಗೆ ಆನೆ ಅಪರೂಪವಲ್ಲ. ಆದರೂ ಈ ಮೊತ್ತ ಅವರನ್ನೂ ಬೆಚ್ಚಿಸೀತು. ೨೦೨೩ರ ಗಣತಿಯ ಅಂದಾಜಿನಂತೆ ಇಡೀ ಕರ್ನಾಟಕದ ಕಾಡುಗಳಲ್ಲಿದ್ದ ಆನೆಗಳು ೬,೩೯೫. ಅದರ ಸುಮಾರು ಇಪ್ಪತ್ತನಾಲ್ಕರಷ್ಟು ಆನೆ ಒಂದೇ ಬೀಡಿನಲ್ಲಿ! ಕವಿಯ ಸಂಖ್ಯೆಯನ್ನು ಮೇವಿನ ಲೆಕ್ಕಕ್ಕೆ ಎಳೆಯಬಾರದು, ನಿಜ. ಆದರೆ ಈ ಸಂಖ್ಯೆ ಬಾಯಿಗೆ ಬಂದಂತೆ ಹೇಳಿದ್ದಲ್ಲ ಎಂಬುದನ್ನು ಗಮನಿಸಬೇಕು. ಅದು ಕಟ್ಟಿದ ಸಂಖ್ಯೆ. ಒಂದರಿಂದ ಹಿಡಿದು, ಏಳು ಸಲ ಮೂರರಿಂದ ಗುಣಿಸಿ, ಮೇಲೆ ಒಂದು ಸಲ ಹತ್ತರಿಂದ ಗುಣಿಸಿ ಎತ್ತಿದ ಕಟ್ಟಡ.

ಈಗ ಒಂದು ಸೋಜಿಗ. ೨೧,೮೭೦ರ ಅಂಕಿಗಳನ್ನು ಕೂಡಿ: ಎರಡು, ಒಂದು, ಎಂಟು, ಏಳು—ಹದಿನೆಂಟು. ಕುದುರೆಗಳ ೬೫,೬೧೦: ಹದಿನೆಂಟು. ಕಾಲಾಳುಗಳ ೧,೦೯,೩೫೦: ಮತ್ತೆ ಹದಿನೆಂಟು. ಭಾರತದ ಪರ್ವ ಹದಿನೆಂಟು, ಯುದ್ಧದ ದಿನ ಹದಿನೆಂಟು, ಎರಡೂ ಕಡೆಯ ಅಕ್ಷೌಹಿಣಿ ಹದಿನೆಂಟು. ಪುರಾಣ ಹೇಳುವವರು ಇದನ್ನು ಹೇಳಿ ನಿಲ್ಲಿಸಿದರೆ ಕೇಳುವವರ ಮೈ ಜುಮ್ಮೆನ್ನುತ್ತದೆ. ಇನ್ನೂ ಮುಂದುವರಿಯೋಣ. ಪಾಂಡವರ ಏಳು ಅಕ್ಷೌಹಿಣಿಯ ಒಟ್ಟು ೧೫,೩೦,೯೦೦. ಅಂಕಿ ಕೂಡಿದರೆ ಹದಿನೆಂಟು. ಕೌರವರ ಹನ್ನೊಂದರ ಒಟ್ಟು ೨೪,೦೫,೭೦೦, ಅದೂ ಹದಿನೆಂಟು. ಸರಿ, ಎರಡು ಕಡೆಯನ್ನೂ ಕೂಡಿಸಿ ಇಡೀ ಹದಿನೆಂಟು ಅಕ್ಷೌಹಿಣಿಯನ್ನು ಕುರುಕ್ಷೇತ್ರದಲ್ಲಿ ನಿಲ್ಲಿಸಿ. ಒಟ್ಟು ೩೯,೩೬,೬೦೦. ಅಂಕಿಗಳನ್ನು ಕೂಡಿ ನೋಡಿ. ಇಪ್ಪತ್ತೇಳು! ಹದಿನೆಂಟು ಎಲ್ಲಿ ಖಂಡಿತವಾಗಿ ಇರಬೇಕಾಗಿತ್ತೋ ಅಲ್ಲಿಯೇ ಕೈಕೊಟ್ಟಿತು.

ಹಾಗಾದರೆ ನಡೆದದ್ದೇನು? ಇಲ್ಲಿ ಹದಿನೆಂಟರ ಪವಾಡವೇನೂ ಇಲ್ಲ. ಒಂಬತ್ತರ ನಿಯಮ ಇದೆ. ಹತ್ತು ರೂಪಾಯಿಯಲ್ಲಿ ಒಂಬತ್ತರದೊಂದು ಕಂತೆ ಕಟ್ಟಿದರೆ ಒಂದು ಉಳಿಯುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಹೋಗಿ ಒಂದು ಉಳಿಯುತ್ತದೆ, ಸಾವಿರದಲ್ಲಿಯೂ ಒಂದು. ಆದ್ದರಿಂದ ಯಾವ ಸಂಖ್ಯೆಯನ್ನಾದರೂ ಒಂಬತ್ತರಿಂದ ಭಾಗಿಸಿದಾಗ ಉಳಿಯುವ ಶೇಷವೂ, ಅದರ ಅಂಕಿಗಳ ಮೊತ್ತವನ್ನು ಒಂಬತ್ತರಿಂದ ಭಾಗಿಸಿದಾಗ ಉಳಿಯುವ ಶೇಷವೂ ಒಂದೇ. ಮೂರನ್ನು ಏಳು ಸಲ ಗುಣಿಸಿದ ಮೇಲೆ ಒಂಬತ್ತು ಒಳಗೆ ಕುಳಿತೇ ಕುಳಿತಿತು. ಹಾಗಾಗಿ ಅಂಕಿಗಳ ಮೊತ್ತ ಒಂಬತ್ತೋ ಹದಿನೆಂಟೋ ಇಪ್ಪತ್ತೇಳೋ ಆಗಲೇಬೇಕು. ಬೇರೆಯದಕ್ಕೆ ದಾರಿ ಇಲ್ಲ.

ನಮ್ಮ ಭಾಷೆಯಲ್ಲಿ ಎರಡು ಮಾತುಗಳಿವೆ: ಅಂಕಿ ಎಂದೊಂದು, ಸಂಖ್ಯೆ ಎಂದೊಂದು. ದಿನಬಳಕೆಯಲ್ಲಿ ಎರಡನ್ನೂ ಬೆರೆಸಿಬಿಡುತ್ತೇವೆ. ಆದರೆ ಅಂಕಿ ಬೇರೆ, ಸಂಖ್ಯೆ ಬೇರೆ. ಅಂಕಿ ನಾವು ಬರೆಯುವ ಗುರುತು. ಸಂಖ್ಯೆ ಆ ಗುರುತು ಸೂಚಿಸುವ ಎಣಿಕೆ. ದೊಡ್ಡ ಸಂಖ್ಯೆಗಳ ವಿಷಯದಲ್ಲಿ ನಾವು ಬೆರಗಾಗುವುದೂ ಬೆಸ್ತು ಬೀಳುವುದೂ ಬಹುಮಟ್ಟಿಗೆ ಈ ಭೇದವನ್ನು ಮರೆತಾಗಲೇ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಆ ಒಂದು ಸಂಖ್ಯೆಯ ಬಳಿಗೆ ಬರೋಣ.

ಚಾಮರಾಜನಗರದ ಸೀಮೆಯಲ್ಲಿಯೇ, ಮಲೆಯೂರಿನ ಬಳಿ, ಕನಕಗಿರಿ ಎಂಬ ಹಳೆಯ ಜೈನಕ್ಷೇತ್ರವಿದೆ. ಬೆಟ್ಟ ಹತ್ತಿದವರಿಗೆ ಗೊತ್ತು, ಕನ್ನಡ ನಾಡಿನಲ್ಲಿ ಜೈನಧರ್ಮ ಎಷ್ಟು ಆಳವಾಗಿ ಬೇರೂರಿತ್ತೆಂಬುದು. ಲೋಕದ ವಿಸ್ತಾರವನ್ನೂ ಕಾಲದ ಉದ್ದವನ್ನೂ ಅಳೆಯಹೊರಟ ಜೈನ ವಿದ್ವಾಂಸರಿಗೆ ದೊಡ್ಡ ಸಂಖ್ಯೆ ಎಂದರೆ ಮನೆಯ ಪದಾರ್ಥವಿದ್ದಂತೆ. ಆ ಪರಂಪರೆಯಲ್ಲಿ ಬಂದವರು ಮಹಾವೀರಾಚಾರ್ಯರು. ಒಂಬತ್ತನೆಯ ಶತಮಾನದವರು, ಮಾನ್ಯಖೇಟದಿಂದ, ಎಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದವರು. 'ಕವಿರಾಜಮಾರ್ಗ' ಹುಟ್ಟಿದ್ದು ಅದೇ ದೊರೆಯ ಕಾಲದಲ್ಲಿ. ಕನ್ನಡ ಕಾವ್ಯದ ಲಕ್ಷಣವನ್ನು ಒಂದು ಕೈ ಬರೆಯುತ್ತಿದ್ದ ಕಾಲದಲ್ಲಿ ಇನ್ನೊಂದು ಕೈ ಗಣಿತದ ಲಕ್ಷಣವನ್ನು ಬರೆಯುತ್ತಿತ್ತು. ಆ ಗ್ರಂಥದ ಹೆಸರು 'ಗಣಿತಸಾರಸಂಗ್ರಹ'. ಭಾಷೆ ಸಂಸ್ಕೃತ.

ಅದು ಬಹಳ ಕಾಲ ಓಲೆಗರಿಯಲ್ಲಿಯೇ ಉಳಿದಿತ್ತು. ಮದರಾಸಿನ ಎಂ. ರಂಗಾಚಾರ್ಯರು ಪ್ರತಿಗಳನ್ನು ಕಲೆಹಾಕಿ, ತಿದ್ದಿ, ಇಂಗ್ಲಿಷ್ ಅನುವಾದದೊಂದಿಗೆ ೧೯೧೨ರಲ್ಲಿ ಅಚ್ಚು ಮಾಡಿಸಿದರು. ಅವರಿಗೆ ದೊರೆತ ಪ್ರತಿಗಳಲ್ಲಿ ಕನ್ನಡ ಲಿಪಿಯವೂ, ಕನ್ನಡದಲ್ಲಿ ವಿವರಣೆ ಇದ್ದುದೂ ಸೇರಿದ್ದುವು. ಎಂದರೆ ಈ ನಾಡಿನ ಉಪಾಧ್ಯಾಯರು ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಿಕೊಡುತ್ತಿದ್ದರು ಎಂದಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರು ಸಿದ್ಧಪಡಿಸಿದ ಕನ್ನಡ ಅನುವಾದ ೨೦೦೦ದಲ್ಲಿ ಹೊಂಬುಜದಿಂದ ಹೊರಬಂದಿತು.

ಆಚಾರ್ಯರು ಏಕ, ದಶ, ಶತದಿಂದ ಆರಂಭಿಸಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಹೇಳುತ್ತಾರೆ. ಗಣಿತ ಎಲ್ಲೆಲ್ಲಿ ಬೇಕೆಂದು ಪಟ್ಟಿ ಕೊಡುವಾಗ ಸಂಗೀತ, ನಾಟಕ, ವೈದ್ಯ, ವಾಸ್ತು ಇವುಗಳ ಜೊತೆಗೆ ಅಡುಗೆಯನ್ನೂ ಮರೆಯುವುದಿಲ್ಲ. ಆಮೇಲೆ ಗುಣಾಕಾರದ ಉದಾಹರಣೆಗಳಿಗೆ ಬರುತ್ತಾರೆ. ಶಾಲೆಯಲ್ಲಿ ನಮಗೆ ಕೊಡುತ್ತಿದ್ದ ಗುಣಾಕಾರಗಳ ಉತ್ತರ ನೋಡಿದರೆ ಒಂದಕ್ಕೊಂದು ಸಂಬಂಧವಿಲ್ಲದ ಅಂಕಿಗಳ ಸಂತೆ. ಆಚಾರ್ಯರ ಲೆಕ್ಕಗಳು ಹಾಗಲ್ಲ. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಸಾಲಾಗಿ ಎಂಟು ಒಂದುಗಳು. ೧೨೩೪೫೬೭೯ನ್ನು ಒಂಬತ್ತರಿಂದ ಗುಣಿಸಿದರೆ ಒಂಬತ್ತು ಒಂದುಗಳು. ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ, ಕಂಠಾಭರಣಕ್ಕೆ, ಹೋಲಿಸುತ್ತಾರೆ. ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಹಾರ ಒಂದೇ ತಾನೆ?

ಆ ಹಾರಗಳಲ್ಲೆಲ್ಲ ಸೊಗಸಾದುದು ಇದು. ೨೭೯೯೪೬೮೧ನ್ನು ೪೪೧ರಿಂದ ಗುಣಿಸಿ. ಮಕ್ಕಳು ಗುಣಿಸುತ್ತಿರಲಿ, ನಾನು ಉತ್ತರ ಹೇಳಿಬಿಡುತ್ತೇನೆ: ೧೨೩೪೫೬೫೪೩೨೧. ನಮ್ಮ ಮಾತಿನಲ್ಲಿ ಓದಿದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಂದರಿಂದ ಆರರವರೆಗೆ ಮಣಿಗಳು ದಪ್ಪವಾಗುತ್ತ ಹೋಗಿ, ನಡುವೆ ಆರರ ಪದಕ, ಅಲ್ಲಿಂದ ಮತ್ತೆ ಒಂದರವರೆಗೆ ಸಣ್ಣವಾಗುತ್ತ ಬರುತ್ತವೆ. ಅಕ್ಕಸಾಲಿಗನೂ ಹಾರವನ್ನು ಹೀಗೆಯೇ ಕಟ್ಟುತ್ತಾನೆ.

ಇದು ಹೇಗೆ ಬಂತು? ಕಾಗದದ ಮೇಲೆ ಆರು ಒಂದುಗಳನ್ನು ಸಾಲಾಗಿ ಬರೆಯಿರಿ: ೧೧೧೧೧೧. ಅದರ ಕೆಳಗೆ ಅದೇ ಸಾಲನ್ನು ಒಂದು ಮನೆ ಎಡಕ್ಕೆ ಸರಿಸಿ ಬರೆಯಿರಿ. ಮತ್ತೂ ಒಂದು ಮನೆ ಸರಿಸಿ ಮೂರನೆಯ ಸಾಲು. ಹೀಗೆ ಆರು ಸಾಲು. ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಈಗ ಬಲಗಡೆಯಿಂದ ಕಂಬ ಕಂಬವಾಗಿ ಕೂಡಿಕೊಂಡು ಬನ್ನಿ. ಮೊದಲ ಕಂಬದಲ್ಲಿ ಒಂದೇ ಒಂದು, ಎರಡನೆಯದರಲ್ಲಿ ಎರಡು, ನಡುವಿನ ಕಂಬದಲ್ಲಿ ಆರು, ಆಮೇಲೆ ಐದು, ನಾಲ್ಕು, ಮೂರು, ಎರಡು, ಒಂದು. ಅಷ್ಟೇ! ನೀವು ಮಾಡಿದ್ದು ೧,೧೧,೧೧೧ನ್ನು ಅದರಿಂದಲೇ ಗುಣಿಸಿದ್ದು. ಆದ್ದರಿಂದ ನಮ್ಮ ದೊಡ್ಡ ಸಂಖ್ಯೆ ೧,೧೧,೧೧೧ರ ವರ್ಗ.

ಆದರೆ ಆಚಾರ್ಯರ ಉದಾಹರಣೆ ಅದಲ್ಲವಲ್ಲ. ಅವರು ೨,೭೯,೯೪,೬೮೧ ಎಂಬ ಬೇರೆಯೇ ಮುಖದ ಸಂಖ್ಯೆಯನ್ನು ಹಿಡಿದು ೪೪೧ರಿಂದ ಗುಣಿಸುತ್ತಾರೆ. ಇಲ್ಲಿ ಇನ್ನೊಂದು ಬಾಗಿಲು ತೆರೆಯಬೇಕು. ೧,೧೧,೧೧೧ನ್ನು ಒಡೆಯುತ್ತ ಹೋಗೋಣ. ಅದು ೧೧೧ನ್ನು ೧,೦೦೧ರಿಂದ ಗುಣಿಸಿದ್ದು. ೧೧೧ ಎಂದರೆ ಮೂರು ಮೂವತ್ತೇಳಲೆ. ೧,೦೦೧ ಎಂದರೆ ಏಳು, ಹನ್ನೊಂದು, ಹದಿಮೂರರ ಗುಣಲಬ್ಧ. ಅಲ್ಲಿಗೆ ೧,೧೧,೧೧೧ರ ಹೊಟ್ಟೆಯಲ್ಲಿರುವವರು ಐವರು: ೩, ೭, ೧೧, ೧೩, ೩೭. ಇವರನ್ನು ಇನ್ನು ಒಡೆಯುವುದಕ್ಕಾಗದು. ಇಂಥವನ್ನು ಅವಿಭಾಜ್ಯ ಸಂಖ್ಯೆಗಳೆನ್ನುತ್ತಾರೆ. ಪಾಂಡವರಂತೆ ಐವರೇ ಆದದ್ದು ಕಾಕತಾಳೀಯ; ಅದಕ್ಕೆ ಅರ್ಥ ಹಚ್ಚುವುದು ಬೇಡ. ನಮ್ಮ ದೊಡ್ಡ ಸಂಖ್ಯೆ ಇದರ ವರ್ಗವಾದ್ದರಿಂದ ಅದರಲ್ಲಿ ಐವರೂ ಎರಡೆರಡು ಸಲ ಇರುತ್ತಾರೆ. ಈಗ ೩ನ್ನೂ ೭ನ್ನೂ ಒಂದು ಕಡೆಗೆ ಕರೆಯಿರಿ: ೨೧, ಅದರ ವರ್ಗ ೪೪೧. ಮಿಕ್ಕ ಮೂವರು, ೧೧, ೧೩, ೩೭, ಸೇರಿದರೆ ೫,೨೯೧. ಅದರ ವರ್ಗ ೨,೭೯,೯೪,೬೮೧. ಆಚಾರ್ಯರ ಎರಡು ಸಂಖ್ಯೆಗಳೂ ಸಿಕ್ಕಿದುವು! ಹಾರವನ್ನು ಎರಡು ತುಂಡು ಮಾಡಿ, ತುಂಡುಗಳ ಗುರುತು ಸಿಕ್ಕದಂತೆ ಶಿಷ್ಯನ ಕೈಗೆ ಕೊಟ್ಟು, ಜೋಡಿಸು ಎಂದಂತಾಯಿತು.

ಈ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಎಷ್ಟಿರಬಹುದು? ಎಣಿಸುವುದು ಸುಲಭ. ಐವರಲ್ಲಿ ಪ್ರತಿಯೊಬ್ಬರನ್ನೂ ಒಂದೂ ಸಲ ಕರೆಯದಿರಬಹುದು, ಒಂದು ಸಲ ಕರೆಯಬಹುದು, ಎರಡು ಸಲ ಕರೆಯಬಹುದು. ಪ್ರತಿಯೊಬ್ಬರಿಗೂ ಮೂರು ದಾರಿ. ಐದು ಸಲ ಮೂರರಿಂದ ಗುಣಿಸಿದರೆ ೨೪೩. ಈ ೨೪೩ನ್ನು ಈಗಾಗಲೇ ಕೇಳಿದ್ದೀರಿ: ಭಾರತದ ಒಂದು ಪೃತನೆಯಲ್ಲಿರುವ ರಥಗಳು. ಇದು ಮಾತ್ರ ಕಾಕತಾಳೀಯವಲ್ಲ. ಅಲ್ಲಿಯೂ ಮೂರರಂತೆ ಐದು ಸಲ ಏರಿದರು, ಇಲ್ಲಿಯೂ ಮೂರರಂತೆ ಐದು ಸಲ ಏರಿದೆವು. ಕಟ್ಟಡದ ನಕ್ಷೆ ಒಂದೇ ಆದ್ದರಿಂದ ಎಣಿಕೆಯೂ ಒಂದೇ ಆಯಿತು.

ಈಗ ಅಂಕಿ, ಸಂಖ್ಯೆ ಎಂಬ ಭೇದಕ್ಕೆ ಮತ್ತೆ ಬರೋಣ. ಏರಿ ಇಳಿಯುವ ಈ ಹಾರ ಯಾರ ಗುಣ? ಅಂಕಿಗಳ ಗುಣ. ನಾವು ಹತ್ತು ಹತ್ತರ ಗುಂಪಿನಲ್ಲಿ ಎಣಿಸುವವರಾದ್ದರಿಂದ ಈ ಸಂಖ್ಯೆ ಹೀಗೆ ಕಾಣುತ್ತದೆ. ಎಂಟೆಂಟರ ಗುಂಪಿನಲ್ಲಿ ಎಣಿಸುವ ಜನ ಎಲ್ಲಿಯಾದರೂ ಇದ್ದರೆ ಅವರೂ ಆರು ಒಂದುಗಳನ್ನು ಬರೆದು ವರ್ಗ ಮಾಡಿದಾಗ ಇದೇ ಹಾರವನ್ನೇ ಕಾಣುತ್ತಾರೆ. ಆದರೆ ಅವರ ಹಾರ ಬೇರೊಂದು ಸಂಖ್ಯೆಯ ಕೊರಳಲ್ಲಿರುತ್ತದೆ. ನಮ್ಮ ಸಂಖ್ಯೆಯನ್ನು ಅವರ ಕ್ರಮದಲ್ಲಿ ಬರೆದರೆ ಹಾರ ಕಳಚಿ ಬೀಳುತ್ತದೆ. ಆದರೂ ಅದು ವರ್ಗವೇ. ಅದನ್ನು ಭಾಗಿಸುವವರು ಆಗಲೂ ೨೪೩ ಮಂದಿಯೇ. ಒಳಗಿನ ಐವರು ಆಗಲೂ ಅವರೇ. ಹಾರ ಅಂಕಿಯದು, ಕೊರಳು ಸಂಖ್ಯೆಯದು.

ಹಾರಕ್ಕೂ ಒಂದು ಮಿತಿ ಇದೆ. ಒಂದುಗಳನ್ನು ಹೆಚ್ಚಿಸುತ್ತ ಹೋಗಿ. ಒಂಬತ್ತು ಒಂದುಗಳ ವರ್ಗ ೧೨೩೪೫೬೭೮೯೮೭೬೫೪೩೨೧. ಹತ್ತು ಒಂದುಗಳನ್ನು ತೆಗೆದುಕೊಂಡರೋ ನಡುವಿನ ಕಂಬದಲ್ಲಿ ಹತ್ತು ತುಂಬಿ, ಅದರಿಂದ ಒಂದು ಪಕ್ಕದ ಮನೆಗೆ ಸರಿಯುತ್ತದೆ. ಅಲ್ಲಿದ್ದ ಒಂಬತ್ತೂ ತುಂಬಿ ಅದರಾಚೆಗೆ ಸರಿಯುತ್ತದೆ. ಉತ್ತರ ೧೨೩೪೫೬೭೯೦೦೯೮೭೬೫೪೩೨೧. ಹಾರ ಹರಿಯಿತು. ಎಡಭಾಗದಲ್ಲಿ ಎಂಟು ಮಾಯವಾದುದನ್ನು ನೋಡಿ. ಆಚಾರ್ಯರ ೧೨೩೪೫೬೭೯ರಲ್ಲಿಯೂ ಎಂಟಿಲ್ಲ. ಅಲ್ಲಿಯೂ ಕಾರಣ ಇದೇ ಬಗೆಯದು.

ಇದೆಲ್ಲ ಬಿಡುವಿನ ವಿನೋದ, ಇದರಿಂದ ಉಪಯೋಗವೇನು ಎಂದು ಯಾರಾದರೂ ಕೇಳಬಹುದು. ಉಪಯೋಗ ಇದೆ, ಎರಡನ್ನು ಹೇಳುತ್ತೇನೆ.

ಮೊದಲನೆಯದು ತಾಳೆ. ಹಾರವಾಗಿ ಬರುವ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೂ ಹಾರ ಕೆಡುತ್ತದೆ. ಹುಡುಗ ಗುರುವಿನ ಮುಖ ನೋಡಬೇಕಾಗಿಲ್ಲ, ತನ್ನ ತಪ್ಪನ್ನು ತಾನೇ ಕಾಣುತ್ತಾನೆ. ಆಚಾರ್ಯರ ಉದಾಹರಣೆಗಳ ದೊಡ್ಡ ಗುಣ ಇದೇ ಎಂದು ನನಗೆ ತೋರುತ್ತದೆ. ಹಾರವಿಲ್ಲದ ಲೆಕ್ಕಕ್ಕೆ ಒಂಬತ್ತರ ತಾಳೆ ಇದೆ. ೧೫೨೨೦೭ರ ಅಂಕಿ ಕೂಡಿದರೆ ಹದಿನೇಳು, ಮತ್ತೆ ಕೂಡಿದರೆ ಎಂಟು. ೭೩ರದು ಹತ್ತು, ಮತ್ತೆ ಕೂಡಿದರೆ ಒಂದು. ಎಂಟೊಂದಲೆ ಎಂಟು. ಉತ್ತರದಲ್ಲಿ ಎಂಟು ಒಂದುಗಳು, ಮೊತ್ತ ಎಂಟು. ತಾಳೆಯಾಯಿತು. ಆದರೆ ಈ ತಾಳೆಯನ್ನು ಕಣ್ಣು ಮುಚ್ಚಿ ನಂಬಬಾರದು. ಮಂಡಿಯಲ್ಲಿ ಅರಿಸಿನ ತೂಗಿಸಿದವರ ಚೀಟಿಯಲ್ಲಿ ೫,೩೪೬ ರೂಪಾಯಿ ಎಂದು ಬರೆಯಬೇಕಾದದ್ದು ೫,೪೩೬ ಎಂದಾದರೆ ಅಂಕಿಗಳ ಮೊತ್ತ ಬದಲಾಗದು. ಒಂಬತ್ತರ ತಾಳೆ ಸುಮ್ಮನಿರುತ್ತದೆ. ತೊಂಬತ್ತು ರೂಪಾಯಿ ಮಾತ್ರ ಒಬ್ಬರ ಕೈಯಿಂದ ಹೋಯಿತು. ಇದನ್ನೇ ತಿರುಗಿಸಿ ಬಳಸಬಹುದು: ಅಂಕಿಗಳು ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಮನೆಯ ಜಮಾಖರ್ಚಿನಲ್ಲಿ ಎರಡು ಮೊತ್ತಗಳು ಕೂಡದೆ ಹೋದಾಗ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡಿ. ಶೇಷವಿಲ್ಲದೆ ಹೋದರೆ, ಎಲ್ಲಿಯೋ ಎರಡು ಅಂಕಿಗಳು ಜಾಗ ಬದಲಾಯಿಸಿಕೊಂಡಿರಬಹುದೆಂದು ಮೊದಲು ಶಂಕಿಸಬೇಕು.

ಎರಡನೆಯದು ಬೀಗ. ಹಾರವನ್ನು ಜೋಡಿಸುವುದು ಸುಲಭ, ಬಿಚ್ಚುವುದು ಕಷ್ಟ. ೧೫೨೨೦೭ನ್ನು ೭೩ರಿಂದ ಗುಣಿಸು ಎಂದರೆ ಐದನೆಯ ತರಗತಿಯ ಹುಡುಗಿ ಗುಣಿಸುತ್ತಾಳೆ. ಎಂಟು ಒಂದುಗಳನ್ನು ಕೊಟ್ಟು, ಇದು ಯಾವುದರಿಂದ ಯಾವುದನ್ನು ಗುಣಿಸಿದ್ದು ಎಂದು ಕೇಳಿ. ದೊಡ್ಡವರೂ ತಲೆ ತುರಿಸಿಕೊಳ್ಳುತ್ತಾರೆ. ಸಂಖ್ಯೆ ಬೆಳೆದಂತೆ ಈ ಕಷ್ಟ ಬೆಟ್ಟದಂತೆ ಬೆಳೆಯುತ್ತದೆ. ೧೯೭೭ರಲ್ಲಿ ಅಮೆರಿಕದಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಈ ಕಷ್ಟವನ್ನೇ ಬೀಗ ಮಾಡಿದರು. ಎರಡು ಬಹುದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ ಗುಣಲಬ್ಧವನ್ನು ಊರಿಗೆಲ್ಲ ಸಾರಿದರೂ ಚಿಂತೆಯಿಲ್ಲ. ಒಳಗಿನ ಎರಡನ್ನು ಬಲ್ಲವರಿಗೆ ಮಾತ್ರ ಬೀಗ ತೆರೆಯುತ್ತದೆ. ಆ ವರ್ಷವೇ ಪಂಥಕ್ಕೆಂದು ಕೊಟ್ಟ ೧೨೯ ಅಂಕಿಗಳ ಒಂದು ಸಂಖ್ಯೆಯನ್ನು ಒಡೆಯಲು ಹದಿನೇಳು ವರ್ಷ ಬೇಕಾಯಿತು. ೧೯೯೪ರಲ್ಲಿ ನೂರಾರು ಮಂದಿ ತಮ್ಮ ಗಣಕಯಂತ್ರಗಳನ್ನು ಕೂಡಿಸಿ ದುಡಿಸಿದ ಮೇಲೆ ಅದು ಒಡೆಯಿತು. ೨೫೦ ಅಂಕಿಗಳ ಇನ್ನೊಂದು ೨೦೨೦ರಲ್ಲಿ ಒಡೆಯಿತು. ಈಗ ಬಳಕೆಯಲ್ಲಿರುವ ಇಂಥ ಬೀಗಗಳ ಸಂಖ್ಯೆಗಳಲ್ಲಿ ಆರುನೂರಕ್ಕೂ ಹೆಚ್ಚು ಅಂಕಿಗಳಿರುವುದು ಸಾಮಾನ್ಯ. ಬ್ಯಾಂಕಿನ ವ್ಯವಹಾರವನ್ನು ಮನೆಯಲ್ಲಿ ಕುಳಿತೇ ಮಾಡುವ ನಮ್ಮ ಹಣಕ್ಕೆ ಕಾವಲಿರುವ ಬೀಗಗಳಲ್ಲಿ ಇದೂ ಒಂದು.

ದೊಡ್ಡ ಸಂಖ್ಯೆಯ ಒಳಗಣ ಕಟ್ಟಡವನ್ನು ಬಲ್ಲವರು ಏನು ಮಾಡಬಲ್ಲರು ಎಂಬುದಕ್ಕೆ ಬೆಂಗಳೂರಿನ ಶಕುಂತಲಾದೇವಿಯವರನ್ನು ನೆನೆಯದೆ ಮುಗಿಸಲಾಗದು. ೧೯೭೭ರಲ್ಲಿ ಅಮೆರಿಕದ ಡಲ್ಲಾಸ್ ನಗರದ ವಿಶ್ವವಿದ್ಯಾನಿಲಯದಲ್ಲಿ ಅವರ ಮುಂದೆ ೨೦೧ ಅಂಕಿಗಳ ಒಂದು ಸಂಖ್ಯೆಯನ್ನಿಟ್ಟು ಅದರ ಇಪ್ಪತ್ತಮೂರನೆಯ ಮೂಲವನ್ನು ಕೇಳಿದರು. ಎಂದರೆ, ಯಾವ ಸಂಖ್ಯೆಯನ್ನು ಇಪ್ಪತ್ತಮೂರು ಸಲ ಬರೆದು ಗುಣಿಸಿದರೆ ಇದು ಬರುತ್ತದೆ? ಐವತ್ತು ಸೆಕೆಂಡುಗಳಲ್ಲಿ ಅವರು ಉತ್ತರ ಹೇಳಿದರು: ೫೪,೬೩,೭೨,೮೯೧. ಗಣಕಯಂತ್ರಕ್ಕೆ ಅರವತ್ತೆರಡು ಸೆಕೆಂಡು ಹಿಡಿಯಿತು. ಇದರ ಮೊದಲ ಮೆಟ್ಟಿಲನ್ನು ನಾವೂ ಏರಬಹುದು. ಒಂಬತ್ತು ಅಂಕಿಗಳ ಸಂಖ್ಯೆಯ ಇಪ್ಪತ್ತಮೂರನೆಯ ಘಾತಕ್ಕೆ ೧೮೫ರಿಂದ ೨೦೭ರವರೆಗೆ ಅಂಕಿಗಳಿರುತ್ತವೆ. ಆದ್ದರಿಂದ ಉತ್ತರಕ್ಕೆ ಒಂಬತ್ತು ಅಂಕಿ. ದೊಡ್ಡ ಸಂಖ್ಯೆಯ ಕೊನೆಯ ಅಂಕಿ ಒಂದು. ಇಪ್ಪತ್ತಮೂರನೆಯ ಘಾತದಲ್ಲಿ ಹೀಗೆ ಒಂದರಲ್ಲಿ ಮುಗಿಯುವುದು ಒಂದರಲ್ಲಿ ಮುಗಿಯುವ ಸಂಖ್ಯೆ ಮಾತ್ರ. ಆದ್ದರಿಂದ ಉತ್ತರದ ಕೊನೆಯದೂ ಒಂದೇ. ನಡುವಿನ ಅಂಕಿಗಳು ಮಾತ್ರ ಅಷ್ಟು ಸುಲಭಕ್ಕೆ ಸಿಕ್ಕುವುವಲ್ಲ. ಅಲ್ಲಿ ಅವರ ಪ್ರತಿಭೆ ಇದೆ. ಉತ್ತರವನ್ನು ಇನ್ನೊಮ್ಮೆ ನೋಡಿ: ಒಂದರಿಂದ ಒಂಬತ್ತರವರೆಗಿನ ಎಲ್ಲ ಅಂಕಿಗಳೂ ಒಂದೊಂದೇ ಸಲ ಬಂದಿವೆ.

ಕೊನೆಯದಾಗಿ ಒಂದು ಮಾತು. ವಾಹನಕ್ಕೆ ಇಂಥದೇ ಸಂಖ್ಯೆ ಬೇಕು, ಅಂಕಿ ಕೂಡಿದರೆ ಒಂಬತ್ತೇ ಬರಬೇಕು ಎಂದು ಸಾವಿರಗಟ್ಟಲೆ ಹಣ ತೆರುವವರಿದ್ದಾರೆ. ಅಂಕಿ ಕೂಡಿಸಿ ಮಕ್ಕಳ ಹೆಸರನ್ನೇ ಬದಲಾಯಿಸಿಕೊಡುವ ಜಾಣರೂ ಇದ್ದಾರೆ. ಅವರಲ್ಲಿಗೆ ಹೋಗುವ ಮೊದಲು ಇದನ್ನು ಯೋಚಿಸಿ: ಅಂಕಿಗಳನ್ನು ಮತ್ತೆ ಮತ್ತೆ ಕೂಡಿ ಒಂಬತ್ತು ಬಂದರೆ ಆ ಸಂಖ್ಯೆ ಒಂಬತ್ತರಿಂದ ಭಾಗವಾಗುತ್ತದೆ ಎಂದಿಷ್ಟೇ ಅರ್ಥ. ಸಾಲಾಗಿ ಬರುವ ಯಾವ ಒಂಬತ್ತು ವಾಹನಗಳನ್ನು ತೆಗೆದುಕೊಂಡರೂ ಅವುಗಳಲ್ಲಿ ಒಂದಕ್ಕೆ ಆ ಭಾಗ್ಯ ಪುಕ್ಕಟೆಯಾಗಿ ಇದ್ದೇ ಇರುತ್ತದೆ! ಅಂಕಿಯ ಅಂದವನ್ನು ನೋಡಿ ಸಂತೋಷಪಡುವುದು ಬೇರೆ, ಅದಕ್ಕೆ ದಂಡ ತೆರುವುದು ಬೇರೆ. ಮಹಾವೀರಾಚಾರ್ಯರು ಹಾರವನ್ನು ಕಟ್ಟಿದ್ದು ಶಿಷ್ಯರಿಗೆ ಗುಣಾಕಾರ ಕಲಿಸುವುದಕ್ಕೆ.

ಮಕ್ಕಳ ಕೈಯಲ್ಲಿ ಕಡ್ಡಿ ಇನ್ನೂ ಇದ್ದರೆ ಅವರದೇ ಇನ್ನೊಂದು ಹಾರವನ್ನು ಕೊಟ್ಟು ಮುಗಿಸುತ್ತೇನೆ. ೧೪೨೮೫೭೧೪೩ನ್ನು ಏಳರಿಂದ ಗುಣಿಸಿ. ಎರಡು ತುದಿಯಲ್ಲಿಯೂ ಒಂದೊಂದು ಮಣಿ, ನಡುವೆ ಬರಿಯ ಸೊನ್ನೆಗಳು ಬರಬೇಕು. ಬಂದ ಮೇಲೆ, ಏಕೆ ಬಂತೆಂದು ಕಂಡುಕೊಳ್ಳಲು ಒಂದು ಸೂಚನೆ: ಸಂಖ್ಯೆಯ ಕೊನೆಯ ಮೂರು ಅಂಕಿಗಳನ್ನು ಬೇರೆ ತೆಗೆದು, ಎರಡು ಭಾಗವನ್ನೂ ಬೇರೆಬೇರೆಯಾಗಿ ಏಳರಿಂದ ಗುಣಿಸಿ. ಮೊದಲ ಭಾಗದಲ್ಲಿ ಆರು ಒಂಬತ್ತುಗಳು ಸಿಕ್ಕುತ್ತವೆ. ಎರಡನೆಯದರಲ್ಲಿ ನಮಗೆ ಆಗಲೇ ಪರಿಚಯವಾದ ೧,೦೦೧ ಸಿಕ್ಕುತ್ತದೆ. ಮುಂದಿನದನ್ನು ಅವರೇ ಕೂಡಿಸಲಿ. ಹಿರಿಯರು ಬಾಯಿ ಹಾಕುವುದು ಬೇಡ.